ಭಾವನ ಕಂಪನಿ, ನನ್ನ ಸಹಿ

ಪ್ರಶ್ನೆ: ನಾನು ಉಡುಪಿಯವನು. ಬ್ಯಾಂಕಿನಿಂದ ನಿವೃತ್ತನಾಗಿ 4 ವರ್ಷ ಆಯಿತು. ಅಕ್ಕನ ಗಂಡ ಕಾರ್ಕಳದ ಕಡೆ ಗೇರುಬೀಜದ ಫ್ಯಾಕ್ಟರಿ ನಡೆಸುತ್ತಾರೆ. ಪ್ರೈವೇಟ್ ಲಿಮಿಟೆಡ್ ಕಂಪನಿ. ಭಾವ ಮ್ಯಾನೇಜಿಂಗ್ ಡೈರೆಕ್ಟರ್ (ಎಂ.ಡಿ.). ಅವರ ತಮ್ಮ ಮತ್ತು ನಾನು ಡೈರೆಕ್ಟರುಗಳು. "ನಿನ್ನ ಹೆಸರಿದ್ದರೆ ಬ್ಯಾಂಕಿನವರಿಗೂ ಒಂದು ವಿಶ್ವಾಸ" ಅಂತ 2 ವರ್ಷದ ಹಿಂದೆ ಸೇರಿಸಿಕೊಂಡರು. ಸಂಬಳ ಇಲ್ಲ, ನಾನು ಕೇಳಿಯೂ ಇಲ್ಲ. ಇಷ್ಟರವರೆಗೆ ಒಂದೇ ಸಭೆಗೆ ಹೋಗಿದ್ದೇನೆ. ವರ್ಷಕ್ಕೊಮ್ಮೆ ಆಫೀಸಿನ ಹುಡುಗ ಹಾಜರಿ ಪುಸ್ತಕ ಮತ್ತು ಮಿನಿಟ್ಸ್ (ಸಭೆಯ ನಡಾವಳಿ) ಮನೆಗೆ ತರುತ್ತಾನೆ. ಕಳೆದ ವರ್ಷ ನೋಡದೆ ಸಹಿ ಹಾಕಿದೆ. ಈ ವರ್ಷ ಓದಿದೆ. 4 ಸಭೆ ನಡೆದಿದೆ, ಎಲ್ಲದಕ್ಕೂ ನಾನು ಬಂದಿದ್ದೇನೆ ಅಂತ ಇದೆ. ಭಾವನ ಸೋದರಳಿಯನ ಟ್ರೇಡಿಂಗ್ ಸಂಸ್ಥೆಯಿಂದ 500 ಟನ್ ಕಚ್ಚಾ ಗೇರುಬೀಜ ಕೊಂಡದ್ದಕ್ಕೆ ನಾನು ಒಪ್ಪಿಗೆ ಕೊಟ್ಟ ಹಾಗೆಯೂ ಇದೆ. ದರ ಬೇರೆಯವರಿಗಿಂತ ಕಿಲೋಗೆ 6 ರೂಪಾಯಿ ಜಾಸ್ತಿ. ಆ ಲೋಡಿನ ಔಟ್‌ಟರ್ನ್ (ಬೀಜದಿಂದ ಸಿಗುವ ತಿರುಳಿನ ಲೆಕ್ಕ) 46, ಬೇರೆಯವರದ್ದು 48 ಅಂತ ಗೋಡೌನಿನವರೇ ಹೇಳಿದರು. ಭಾವನ ಹತ್ತಿರ ಕೇಳಿದರೆ "ಅಳಿಯ ಕಾನೂನಿನ ಪ್ರಕಾರ ಸಂಬಂಧಿಕನೇ ಅಲ್ಲ. ಇದು ಮನೆಯ ಕಂಪನಿ, ಆ ರೂಲ್ಸೆಲ್ಲ ದೊಡ್ಡವರಿಗೆ" ಅಂತಾರೆ. ಅಕ್ಕನ ಹೆಸರಿನಲ್ಲಿ 15 ಪರ್ಸೆಂಟ್ ಷೇರಿದೆ, ಅದು ನಮ್ಮ ತಂದೆಯ ಜಾಗ ಮಾರಿ ಬಂದ ಪಾಲಿನ ದುಡ್ಡು. ಈ ವರ್ಷ ನಷ್ಟ ಅಂತ ಹೇಳಿ ಬೀಜ ಒಡೆಯುವ ಹೆಂಗಸರ ಬೋನಸ್ಸನ್ನು 12 ಪರ್ಸೆಂಟಿನಿಂದ 8.33ಕ್ಕೆ ಇಳಿಸಿದ್ದಾರೆ. ಅಕ್ಕ ಫೋನ್ ಮಾಡಿ "ತಮ್ಮಾ, ಸಹಿ ಹಾಕಿಬಿಡು, ಮನೆಯಲ್ಲಿ ಗಲಾಟೆ ಬೇಡ" ಅಂದಳು. ರಾಜೀನಾಮೆ ಕೊಟ್ಟು ಸುಮ್ನೆ ಇದ್ದುಬಿಡಲೇ?

ಉತ್ತರ: ಮೊದಲು ನಿಮ್ಮ ಕೊನೆಯ ಸಾಲಿಗೆ ಉತ್ತರ. ರಾಜೀನಾಮೆ ಈಗ ಬೇಡ. ಆ ನಾಲ್ಕು ಸಹಿ ಯಾವತ್ತೂ ಬೇಡ. ಹುಡುಗ ಮತ್ತೆ ಬಂದರೆ ಚಹಾ ಕೊಟ್ಟು, ಪುಸ್ತಕ ಹಾಗೇ ವಾಪಸ್ ಕಳಿಸಿ. ಅವನ ಮೇಲೆ ಸಿಟ್ಟು ಮಾಡಬೇಡಿ.

ನಾನು ಮಂಗಳೂರಿನಲ್ಲಿ ಕಂಪನಿ ಸೆಕ್ರೆಟರಿಯಾಗಿ ಕೆಲಸ ಮಾಡುವವನು. ನಮ್ಮ ಜಿಲ್ಲೆಗಳಲ್ಲಿ ನಿಮ್ಮ ಹಾಗೆ ಡೈರೆಕ್ಟರ್ ಆದವರು ತುಂಬಾ ಜನ ಇದ್ದಾರೆ. ನಿವೃತ್ತ ಬ್ಯಾಂಕಿನವರು, ನಿವೃತ್ತ ಮೇಷ್ಟ್ರುಗಳು, ಎಂ.ಡಿ.ಯ ಹೆಂಡತಿ, ಊರಿನ ಡಾಕ್ಟರು. ಒಳ್ಳೆಯ ಹೆಸರಿರುವವರು. ಕಂಪನಿಗೆ ಬೇಕಾದದ್ದು ಆ ಹೆಸರು ಮಾತ್ರ, ಆ ಮನುಷ್ಯನ ತಲೆ ಯಾರಿಗೂ ಬೇಕಾಗಿರುವುದಿಲ್ಲ. ಕಾನೂನು ನೋಡುವ ರೀತಿ ಬೇರೆ. ಅದು ಹೆಸರು ಕೊಟ್ಟವನಿಂದ ತಲೆಯನ್ನೂ ಕೇಳುತ್ತದೆ.

ಒಂದು ಮಳೆಗಾಲದ ಸಂಗತಿ ಹೇಳುತ್ತೇನೆ. ನಾನು ಆಗಷ್ಟೇ ಆಫೀಸು ತೆರೆದಿದ್ದೆ. ಮಂಗಳೂರಿನ ಒಂದು ಕಂಪನಿಯ ಮಿನಿಟ್ಸ್ ಬರೆಯುವ ಕೆಲಸ ಸಿಕ್ಕಿತ್ತು. ಸಭೆ ನಡೆಯುತ್ತಿರಲಿಲ್ಲ. ಯಾವ ಯಾವ ಠರಾವು ಬೇಕು ಅಂತ ಒಂದು ಚೀಟಿ ಬರುತ್ತಿತ್ತು. ನಾನು ದಿನಾಂಕ ಹಾಕಿ, ಬೆಳಿಗ್ಗೆ 11 ಗಂಟೆ ಅಂತ ಬರೆದು, ಒಬ್ಬರು ಸೂಚಿಸಿದರು ಇನ್ನೊಬ್ಬರು ಅನುಮೋದಿಸಿದರು ಅಂತ ಮುಗಿಸುತ್ತಿದ್ದೆ. ಎಲ್ಲರೂ ಹೀಗೇ ಮಾಡುತ್ತಾರೆ ಅಂದುಕೊಂಡಿದ್ದೆ. ಕಂಪನಿಯ ಸಾಲ ಕಟ್ಟುಬಾಕಿ ಆಯಿತು, ಬ್ಯಾಂಕಿನವರು ಕಾಗದ ಕೆದಕಿದರು. ಆಗ ಆ ಕಂಪನಿಯ ಡೈರೆಕ್ಟರ್ ಒಬ್ಬರು ನನ್ನ ಹತ್ತಿರ ಬಂದರು. ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದವರು. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿಟ್ಟು, ಪ್ಲಾಸ್ಟಿಕ್ ಕವರಿನಿಂದ ಎರಡು ಕಾಗದ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದು ಮಿನಿಟ್ಸಿನ ನಕಲು. ಎಂ.ಡಿ.ಯ ಮನೆಯವರ ಜಾಗವನ್ನು ಕಂಪನಿ ಕೊಳ್ಳುವ ಠರಾವು. ಇನ್ನೊಂದು ಅವರ ಹೆಂಡತಿಯ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ. ಸಭೆಯ ದಿನಾಂಕ ಆಸ್ಪತ್ರೆಯ ದಿನಗಳ ನಡುವೆಯೇ ಇತ್ತು. "ಆ ದಿನ ನಾನು ವಾರ್ಡಿನ ಬೆಂಚಿನ ಮೇಲೆ ಕೂತಿದ್ದೆ. ಇದರಲ್ಲಿ ನಾನೇ ಸೂಚಿಸಿದೆ ಅಂತ ಇದೆ. ಬರೆದದ್ದು ನೀವಲ್ವಾ?" ಅಂತ ಕೇಳಿದರು. ಧ್ವನಿ ಏರಿಸಲಿಲ್ಲ. ಹೌದು, ಬರೆದವನು ನಾನೇ. ಆ ಎರಡು ಕಾಗದ ಈಗಲೂ ಕಣ್ಣ ಮುಂದೆ ಇವೆ. ಅವತ್ತಿನಿಂದ ನಡೆಯದ ಸಭೆಗೆ ನಾನು ಮಿನಿಟ್ಸ್ ಬರೆದಿಲ್ಲ. ಅದಕ್ಕಾಗಿ ಬಿಟ್ಟುಹೋದ ಗಿರಾಕಿಗಳೂ ಇದ್ದಾರೆ.

ಮಿನಿಟ್ಸಿಗೆ ಯಾಕೆ ಇಷ್ಟು ತೂಕ? 2013ರ ಕಂಪನಿ ಕಾಯ್ದೆಯ 118ನೇ ಸೆಕ್ಷನ್ ಓದಿ. ಸಭೆಯಲ್ಲಿ ಏನಾಯಿತು ಅನ್ನುವುದಕ್ಕೆ ಮಿನಿಟ್ಸೇ ಸಾಕ್ಷಿ. ಸುಳ್ಳು ಅಂತ ಯಾರಾದರೂ ಸಾಬೀತು ಮಾಡುವವರೆಗೆ ಅದರಲ್ಲಿರುವ ಸಭೆ ಸರಿಯಾಗಿ ಕರೆದು ನಡೆಸಿದ ಸಭೆ ಅಂತಲೇ ಲೆಕ್ಕ. ಅಂದರೆ ನೀವು ಸಹಿ ಹಾಕಿದ ಮೇಲೆ "ನಾನು ಅಲ್ಲಿರಲೇ ಇಲ್ಲ" ಅಂತ ಸಾಬೀತು ಮಾಡುವ ಕೆಲಸ ನಿಮ್ಮ ತಲೆಗೇ ಬರುತ್ತದೆ. ಮಿನಿಟ್ಸನ್ನು ತಿದ್ದಿದವರಿಗೆ ಅದೇ ಸೆಕ್ಷನ್ನಿನಲ್ಲಿ 2 ವರ್ಷದವರೆಗೆ ಜೈಲು, ಜೊತೆಗೆ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ನಡೆಯದ ಸಭೆಯನ್ನು ನಡೆದ ಹಾಗೆ ಬರೆಯುವುದು ತಿದ್ದುವುದಕ್ಕಿಂತ ಸಣ್ಣ ತಪ್ಪು ಅಂತ ನನಗೆ ಅನಿಸುವುದಿಲ್ಲ.

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಸಾಮಾನ್ಯವಾಗಿ ಕಂಪನಿ ವರ್ಷಕ್ಕೆ ಕನಿಷ್ಠ 4 ಬೋರ್ಡ್ ಸಭೆ ಮಾಡಬೇಕು, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ಕಾಯ್ದೆ ಹೇಳುವ ಸಣ್ಣ ಕಂಪನಿಗಳಿಗೆ ಇದರಲ್ಲಿ ರಿಯಾಯಿತಿ ಇದೆ, ವರ್ಷಕ್ಕೆ ಎರಡು ಸಾಕು. ಸಭೆಗಳು ನಿಜವಾಗಿ ನಡೆದು, 12 ತಿಂಗಳು ನೀವು ಒಂದಕ್ಕೂ ಹೋಗದೇ ಇದ್ದಿದ್ದರೆ, 167ನೇ ಸೆಕ್ಷನ್ ಪ್ರಕಾರ ನಿಮ್ಮ ಡೈರೆಕ್ಟರ್ ಹುದ್ದೆ ತಾನಾಗಿಯೇ ಖಾಲಿ ಆಗಿರುತ್ತದೆ. ರಜೆ ಕೇಳಿದ್ದರೂ ಅಷ್ಟೇ, ಕೇಳದಿದ್ದರೂ ಅಷ್ಟೇ. ಸಭೆಗಳು ನಡೆದೇ ಇಲ್ಲ ಅಂತಾದರೆ ಅದು ಕಂಪನಿಯ ಬೇರೆ ತಪ್ಪು. ಇದರಲ್ಲಿ ಯಾವುದು ನಿಜ ಅಂತ ಮೊದಲು ಗೊತ್ತಾಗಬೇಕು. ನಿಮ್ಮ ಸಹಿ ಬಿದ್ದರೆ ಎರಡೂ ಮುಚ್ಚಿಹೋಗುತ್ತವೆ.

ಈಗ ಅಳಿಯನ ವಿಷಯ. ಭಾವ ಹೇಳಿದ್ದು ಸುಳ್ಳಲ್ಲ. ಕಂಪನಿ ಕಾಯ್ದೆಯಲ್ಲಿ "ಸಂಬಂಧಿಕರು" ಅನ್ನುವುದಕ್ಕೆ ಒಂದು ಪಟ್ಟಿ ಇದೆ. ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಮಗಳ ಗಂಡ, ಅಣ್ಣತಮ್ಮ, ಅಕ್ಕತಂಗಿ, ಮತ್ತೆ ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು. ಅಕ್ಕತಂಗಿಯ ಮಗ ಅದರಲ್ಲಿಲ್ಲ. ಭಾವ, ಮೈದುನ ಇಲ್ಲ. ನೀವೂ ಇಲ್ಲ! ಈ ಪಟ್ಟಿ ಮಾಡಿದವರಿಗೆ ನಮ್ಮ ತುಳುನಾಡಿನ ಅಳಿಯಕಟ್ಟು ನೆನಪಾಗಿರಲಿಕ್ಕಿಲ್ಲ. ನಮ್ಮ ಎಷ್ಟೋ ಮನೆತನಗಳಲ್ಲಿ ಒಂದು ಕಾಲಕ್ಕೆ ಮಾವನ ಆಸ್ತಿ ಹೋಗುತ್ತಿದ್ದದ್ದೇ ಅಳಿಯನಿಗೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಲೆಕ್ಕ ಬದಲಾಯಿತು. ಆದರೆ ಅಳಿಯನ ವ್ಯಾಪಾರಕ್ಕೆ ದಾರಿ ಮಾಡಿಕೊಡುವುದು ತನ್ನ ಕರ್ತವ್ಯ ಅಂತ ತಿಳಿದ ಮಾವಂದಿರು ಈಗಲೂ ಎಲ್ಲಾ ಕಡೆ ಇದ್ದಾರೆ. ಅದು ಒಳ್ಳೆಯ ಗುಣವೇ. ಆದರೆ ದಾರಿ ಮಾಡಿಕೊಡಬೇಕಾದದ್ದು ಸ್ವಂತ ದುಡ್ಡಿನಲ್ಲಿ, ಕಂಪನಿಯ ದುಡ್ಡಿನಲ್ಲಿ ಅಲ್ಲ.

ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. ಮೊದಲು ಆ ಸಂಸ್ಥೆ ಯಾರದ್ದು ಅಂತ ನೋಡಿ. ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರ್ ಇರುತ್ತದೆ. ಜಿಎಸ್‌ಟಿ ಪೋರ್ಟಲಿನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ, ಒಬ್ಬರದೇ ಸಂಸ್ಥೆಯೋ ಪಾಲುದಾರಿಕೆಯೋ ಅಂತ ತೋರಿಸುತ್ತದೆ. ಪಾಲುದಾರಿಕೆ ಆಗಿದ್ದರೆ ಪಾಲುದಾರರು ಯಾರು ಅಂತ ಕೇಳಿ. ಅಳಿಯನ ತಾಯಿ, ಅಂದರೆ ಭಾವನ ಅಕ್ಕನೋ ತಂಗಿಯೋ, ಅದರಲ್ಲಿ ಪಾಲುದಾರರಾಗಿದ್ದರೆ ಮಾತು ಪೂರ್ತಿ ಬದಲಾಗುತ್ತದೆ. ಡೈರೆಕ್ಟರನ ಸಹೋದರಿ ಪಟ್ಟಿಯಲ್ಲಿದ್ದಾರೆ. ಆಗ ಆ ಸಂಸ್ಥೆ ಕಾನೂನಿನ ಪ್ರಕಾರವೇ "ಸಂಬಂಧಿತ ಪಕ್ಷ". 188ನೇ ಸೆಕ್ಷನ್ ಅನ್ವಯಿಸುತ್ತದೆ. ಮಾರುಕಟ್ಟೆ ದರದಲ್ಲಿ, ಹೊರಗಿನವರ ಹತ್ತಿರ ಮಾಡುವ ಹಾಗೆಯೇ ಮಾಡಿದ ದಿನನಿತ್ಯದ ವ್ಯಾಪಾರಕ್ಕೆ ವಿನಾಯಿತಿ ಇದೆ. 6 ರೂಪಾಯಿ ಜಾಸ್ತಿ ಕೊಟ್ಟ ವ್ಯಾಪಾರಕ್ಕೆ ಆ ವಿನಾಯಿತಿ ಕೇಳುವುದು ಕಷ್ಟ.

ತಾಯಿ ಪಾಲುದಾರರಲ್ಲ ಅಂತ ಇಟ್ಟುಕೊಳ್ಳಿ. ಆಗಲೂ 166ನೇ ಸೆಕ್ಷನ್ ಇದೆ. ಡೈರೆಕ್ಟರುಗಳ ಕರ್ತವ್ಯ ಬರೆದಿರುವುದು ಅಲ್ಲೇ. ಸಾಧ್ಯವಾದರೆ ಆ ಒಂದು ಪುಟವನ್ನು ಪ್ರಿಂಟ್ ತೆಗೆದು ಓದಿ, ಭಾಷೆ ಕಷ್ಟ ಇಲ್ಲ. ಡೈರೆಕ್ಟರ್ ಕಂಪನಿಯ ಹಿತಕ್ಕೆ ಅಡ್ಡ ಬರುವಂಥ ನೇರ ಅಥವಾ ಬಳಸು ಲಾಭದಲ್ಲಿ ಸಿಕ್ಕಿಕೊಳ್ಳಬಾರದು ಅನ್ನುತ್ತದೆ. ತನಗೆ, ತನ್ನ ಸಂಬಂಧಿಕರಿಗೆ, ಪಾಲುದಾರರಿಗೆ, ಒಡನಾಡಿಗಳಿಗೆ ಅನುಚಿತ ಲಾಭ ಮಾಡಿಕೊಡಬಾರದು ಅನ್ನುತ್ತದೆ. "ಒಡನಾಡಿಗಳು" ಅನ್ನುವ ಮಾತು ಗಮನಿಸಿ. ಅದು ಪಟ್ಟಿಗೆ ಕಟ್ಟುಬಿದ್ದ ಮಾತಲ್ಲ. ಮುರಿದರೆ 1 ಲಕ್ಷದಿಂದ 5 ಲಕ್ಷದವರೆಗೆ ದಂಡ. ಅದೇ ಸೆಕ್ಷನ್ ನಿಮಗೂ ಒಂದು ಮಾತು ಹೇಳುತ್ತದೆ, ಡೈರೆಕ್ಟರ್ ಜಾಗರೂಕತೆಯಿಂದ, ಸ್ವಂತ ಬುದ್ಧಿಯಿಂದ ತೀರ್ಮಾನ ಮಾಡಬೇಕು ಅಂತ. ಭಾವನಿಗೆ ಬೇಸರ ಆಗುತ್ತದೆ ಅನ್ನುವುದು ಸ್ವಂತ ಬುದ್ಧಿಯ ತೀರ್ಮಾನ ಆಗುವುದಿಲ್ಲ ಅಲ್ವಾ?

ನಾನು ಬೋರ್ಡುಗಳಿಗೆ ಹೇಳುವ ಅಳತೆ ಇದು. ನಿಮ್ಮ ಮನೆಯ ಗೃಹಪ್ರವೇಶಕ್ಕೆ ಯಾರನ್ನು ಮನೆಗೆ ಹೋಗಿ ಕರೆಯುತ್ತೀರೋ, ಅವರ ಹತ್ತಿರ ಕಂಪನಿ ವ್ಯಾಪಾರ ಮಾಡುವಾಗ ಹೆಸರು, ಸಂಬಂಧ, ದರ ಮೂರನ್ನೂ ಮಿನಿಟ್ಸಿನಲ್ಲಿ ಬರೆಯಿರಿ. ಕಾನೂನಿನ ಪಟ್ಟಿಯಲ್ಲಿ ಇರಲಿ ಇಲ್ಲದಿರಲಿ. ನಂಟರ ಹತ್ತಿರ ಕೊಳ್ಳುವುದು ತಪ್ಪಲ್ಲ. ಕೆಲವೊಮ್ಮೆ ನಂಟರೇ ಒಳ್ಳೆಯ ಮಾಲು ಕೊಡುತ್ತಾರೆ, ಸೀಸನ್ನಿನಲ್ಲಿ ಬೇರೆ ಯಾರೂ ಸಾಲ ಕೊಡದಾಗ ಅವರೇ ಸಾಲಕ್ಕೆ ಕೊಡುತ್ತಾರೆ. ಬರೆದು ಮಾಡಿದರೆ ಅದು ವ್ಯಾಪಾರ.

ಅದಕ್ಕೇ ಭಾವನ ಮೇಲೆ ತೀರ್ಪು ಕೊಡುವ ಮುಂಚೆ ಲೆಕ್ಕ ಹಾಕೋಣ. ನೀವು ಬ್ಯಾಂಕಿನವರು, ನಿಮಗಿದು ಸುಲಭ. ಅಳಿಯ 3 ತಿಂಗಳ ಸಾಲಕ್ಕೆ ಮಾಲು ಕೊಟ್ಟಿದ್ದಾನೆ, ಬೇರೆಯವರು ನಗದು ಕೇಳುತ್ತಾರೆ ಅಂತ ಇಟ್ಟುಕೊಳ್ಳಿ. ಕಿಲೋಗೆ 130 ರೂಪಾಯಿ, ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಹಿಡಿದರೆ 3 ತಿಂಗಳಿಗೆ ಹತ್ತಿರ ಹತ್ತಿರ 4 ರೂಪಾಯಿ ಆಯಿತು. 6 ರೂಪಾಯಿಯಲ್ಲಿ 4ಕ್ಕೆ ನ್ಯಾಯವಾದ ಉತ್ತರ ಸಿಕ್ಕಿತು. ಸಾಲದ ಅವಧಿ ಎಷ್ಟು ಅಂತ ಕೇಳದೆ 6 ರೂಪಾಯಿಯನ್ನೇ ಹಿಡಿದು ಜಗಳ ಮಾಡಿದರೆ ನೀವು ಸೋಲುತ್ತೀರಿ.

ದೊಡ್ಡ ಮೊತ್ತ ಅಡಗಿರುವುದು ಔಟ್‌ಟರ್ನಿನಲ್ಲಿ. ಈ ಕಸುಬು ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ. 80 ಕಿಲೋದ ಒಂದು ಗೋಣಿ ಕಚ್ಚಾ ಬೀಜ ಒಡೆದರೆ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಅನ್ನುವುದೇ ಔಟ್‌ಟರ್ನ್. ಲೋಡು ಬಂದಾಗ ಕೆಲವು ಗೋಣಿಗಳಿಂದ ಸ್ವಲ್ಪ ಸ್ವಲ್ಪ ಬೀಜ ತೆಗೆದು, ಕತ್ತರಿಸಿ, ಒಳ್ಳೆಯದು, ಕಪ್ಪಾದದ್ದು, ಜೊಳ್ಳು ಅಂತ ಬೇರೆ ಮಾಡಿ ತೂಗುತ್ತಾರೆ. ನಿಮ್ಮ ಕಾಗದದ ಪ್ರಕಾರ ಅಳಿಯನ ಮಾಲಿನಲ್ಲಿ 2 ಪೌಂಡ್ ಕಡಿಮೆ. ಗೋಣಿಗೆ ಸುಮಾರು 900 ಗ್ರಾಂ. 500 ಟನ್ ಅಂದರೆ 6,250 ಗೋಣಿ. 12,500 ಪೌಂಡ್ ತಿರುಳು ಬರಲಿಲ್ಲ, ಅಂದರೆ 5,600 ಕಿಲೋಗಿಂತ ಜಾಸ್ತಿ. ತಿರುಳಿಗೆ ಕಿಲೋಗೆ 600 ರೂಪಾಯಿ ಅಂತ ಹಿಡಿದರೂ 34 ಲಕ್ಷ ಆಗುತ್ತದೆ. ದರದ ವ್ಯತ್ಯಾಸ ಪೂರ್ತಿ ಸೇರಿಸಿದರೂ 30 ಲಕ್ಷ. ದರ ಬಿಲ್ಲಿನಲ್ಲಿ ಕಾಣುತ್ತದೆ, ಆಡಿಟರ್ ಕಣ್ಣಿಗೆ ಬೀಳುತ್ತದೆ. ಔಟ್‌ಟರ್ನ್ ಗೋಡೌನಿನ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಬರೆದಿರುತ್ತದೆ, ಬೋರ್ಡಿಗೆ ಬರುವುದೇ ಇಲ್ಲ. ಆ ನೋಟ್‌ಬುಕ್ಕನ್ನೇ ಕೇಳಿ. ಕಡಿಮೆ ಔಟ್‌ಟರ್ನಿನ ಮಾಲಿಗೆ ಕಡಿಮೆ ದರ ಕೊಡುವುದು ಈ ವ್ಯಾಪಾರದ ರೂಢಿ. ಇಲ್ಲಿ ಜಾಸ್ತಿ ಯಾಕೆ ಕೊಟ್ಟರು ಅನ್ನುವುದೇ ನಿಮ್ಮ ಪ್ರಶ್ನೆ ಆಗಬೇಕು. ಮೋಸ ಅನ್ನುವ ಮಾತನ್ನು ಈಗಲೇ ಬಳಸಬೇಡಿ. ಮಾಲು ಹಡಗಿನಲ್ಲಿ ಒದ್ದೆಯಾಗಿತ್ತೋ ಏನೋ, ಗೊತ್ತಿಲ್ಲ. ಪ್ರಶ್ನೆ ಕೇಳುವುದಕ್ಕೆ ನಿಮಗೆ ಹಕ್ಕಿದೆ, ಅಷ್ಟು ಸಾಕು.

ಈ ದುಡ್ಡು ಯಾರದ್ದು ಅಂತ ಒಮ್ಮೆ ಯೋಚಿಸಿ. ಬೋನಸ್ ಕಾನೂನಿನಲ್ಲಿ ಕನಿಷ್ಠ 8.33 ಪರ್ಸೆಂಟ್, ಗರಿಷ್ಠ 20. ಕಂಪನಿಗೆ ನಷ್ಟವಾದರೂ 8.33 ಕೊಡಲೇಬೇಕು. ಅದಕ್ಕಿಂತ ಮೇಲಿನದ್ದು ಲಾಭ ನೋಡಿ ಕೊಡುವುದು. ಹಾಗಾಗಿ ಲಾಭ ಎಲ್ಲೋ ಸೋರಿದರೆ ಮೊದಲು ಹೋಗುವುದು ಬೀಜ ಒಡೆಯುವವರ, ಸಿಪ್ಪೆ ತೆಗೆಯುವವರ, ಗ್ರೇಡಿಂಗ್ ಮಾಡುವವರ ಆ ಮೇಲಿನ ಪಾಲು. ಗೇರುಬೀಜದ ಎಣ್ಣೆ ತಾಗಿ ಕಪ್ಪಾದ ಬೆರಳುಗಳನ್ನು ನೀವು ನೋಡಿರುತ್ತೀರಿ. ಅವರಿಗೆ ಔಟ್‌ಟರ್ನ್ ಎಷ್ಟು ಅಂತ ಬೋರ್ಡಿಗಿಂತ ಮೊದಲು ಗೊತ್ತಾಗುತ್ತದೆ, ಯಾಕಂದರೆ ಒಡೆಯುವವರು ಅವರೇ. ಆದರೆ ಕೇಳುವ ಜಾಗದಲ್ಲಿ ಅವರಿಲ್ಲ. ನೀವಿದ್ದೀರಿ. ನಿಮ್ಮ ಕಾಗದದಲ್ಲಿ ನನಗೆ ತುಂಬಾ ನೋವಾದದ್ದು ಈ ಬೋನಸ್ಸಿನ ಸಾಲು ಓದಿಯೇ. 166ನೇ ಸೆಕ್ಷನ್ ಡೈರೆಕ್ಟರ್ ನೋಡಬೇಕಾದ ಹಿತಗಳಲ್ಲಿ ಕೆಲಸಗಾರರ ಹಿತವನ್ನೂ ಹೆಸರು ಹಿಡಿದು ಸೇರಿಸಿದೆ.

"ಮನೆಯ ಕಂಪನಿ, ರೂಲ್ಸು ದೊಡ್ಡವರಿಗೆ" ಅನ್ನುವ ಮಾತಿಗೂ ಉತ್ತರ ಬೇಕು. ನೀವು ಕೆಲಸ ಮಾಡಿದ ಕ್ಷೇತ್ರದ ಚರಿತ್ರೆಯೇ ಉತ್ತರ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರುಮಾಡಿದ ಬ್ಯಾಂಕು, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು, ಮೊದಲ ದಿನ ಮುಗಿದಾಗ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ 2 ಪೈಯನ್ನೂ ಬರೆದಿಟ್ಟಿದ್ದಾರೆ, ಅದಕ್ಕೇ ನಮಗೆ ಇವತ್ತು ಗೊತ್ತಿದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಅನ್ನುವ ಉಳಿತಾಯ ಯೋಜನೆ ಶುರುಮಾಡಿದಾಗ ಏಜೆಂಟರು ಮನೆ ಬಾಗಿಲಿಗೆ ಹೋಗಿ ದಿನಕ್ಕೆ 2 ಆಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಚಿಕ್ಕ ವ್ಯಾಪಾರ ಅಂತ ಲೆಕ್ಕ ಬಿಟ್ಟವರಲ್ಲ ಅವರು. ಲೆಕ್ಕ ಬಿಡದೆ ಇದ್ದದ್ದರಿಂದಲೇ ದೊಡ್ಡದಾದರು ಅಂತ ನಾನು ನಂಬಿದ್ದೇನೆ.

ದೊಡ್ಡ ಕಂಪನಿಯ ಕಥೆಯೂ ಬೇರೆ ಏನಲ್ಲ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ನೆನಪಿರಬಹುದು. 2008ರ ಡಿಸೆಂಬರ್ 16ರಂದು ಸತ್ಯಂ ಬೋರ್ಡು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರ ಮಕ್ಕಳು ನಡೆಸುತ್ತಿದ್ದ ಮೇತಾಸ್ ಕಂಪನಿಗಳನ್ನು ಕೊಳ್ಳಲು ಒಪ್ಪಿತು. ಆ ಬೋರ್ಡಿನಲ್ಲಿ ಹೆಸರಾಂತ ಪ್ರೊಫೆಸರುಗಳಿದ್ದರು. ಹೂಡಿಕೆದಾರರು ಸಿಟ್ಟಾದರು, ಒಂದು ದಿನ ಕಳೆಯುವ ಮೊದಲೇ ತೀರ್ಮಾನ ಹಿಂದಕ್ಕೆ ಹೋಯಿತು. ಮೂರು ವಾರದ ಮೇಲೆ, 2009ರ ಜನವರಿ 7ರಂದು, ಪುಸ್ತಕದಲ್ಲಿದ್ದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಹಣ ಇಲ್ಲವೇ ಇಲ್ಲ ಅಂತ ರಾಜು ಅವರೇ ಪತ್ರ ಬರೆದರು. ಇಲ್ಲದ ಆಸ್ತಿಯ ಜಾಗದಲ್ಲಿ ನಿಜವಾದ ಆಸ್ತಿ ತುಂಬಿಸಲು ಮೇತಾಸ್ ವ್ಯವಹಾರವೇ ಕೊನೆಯ ಪ್ರಯತ್ನ ಆಗಿತ್ತು ಅಂತಲೂ ಅದರಲ್ಲಿ ಇತ್ತು. ನಿಮ್ಮ ಭಾವ ಅಂಥವರು ಅಂತ ನಾನು ಹೇಳುತ್ತಿಲ್ಲ, ಹಾಗೆ ತಿಳಿಯಬೇಡಿ. ಮನೆಯವರ ಜೊತೆಗಿನ ವ್ಯಾಪಾರ ಮೇಜಿಗೆ ಬಂದಾಗ ಗಟ್ಟಿಯಾಗಿ ಬೇಡ ಅನ್ನುವ ಒಬ್ಬರೂ ಇಲ್ಲದಿದ್ದರೆ ಎಷ್ಟು ದೊಡ್ಡ ಬೋರ್ಡಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮಲ್ಲಿ ಮೂವರು ಡೈರೆಕ್ಟರುಗಳು. ಭಾವನೂ ಅವರ ತಮ್ಮನೂ ಆ ಅಳಿಯನ ಮಾವಂದಿರು. ಹೊರಗಿನವರು ನೀವೊಬ್ಬರೇ.

ಹಾಗಾದರೆ ಏನು ಮಾಡಬೇಕು? ಮೊದಲು ಭಾವನ ಮನೆಗೆ ಹೋಗಿ. ಆಫೀಸಿಗಲ್ಲ, ಮನೆಗೆ. ಫೋನಿನಲ್ಲಿ ಈ ಮಾತು ಬೇಡ. ಅವರಿಗೆ ನಿಮ್ಮ ಮೇಲೆ ವಿಶ್ವಾಸ ಇದ್ದದ್ದರಿಂದಲೇ ಬೋರ್ಡಿಗೆ ಕರೆದರು, ಅದನ್ನೇ ಮುಂದಿಟ್ಟು ಮಾತಾಡಿ. "ಭಾವ, ನಾಳೆ ಬ್ಯಾಂಕಿನವರು ಕೇಳಿದರೆ ನಾನು ನಿಮ್ಮ ಪರವಾಗಿ ಉತ್ತರ ಹೇಳಬೇಕು. ನಡೆಯದ ಸಭೆಗೆ ಸಹಿ ಹಾಕಿದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ನಿಜವಾಗಿಯೇ ಒಂದು ಸಭೆ ಕರೆಯಿರಿ, ನಾನು ಬರುತ್ತೇನೆ." ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ದಾರಿ ತೆರೆದದ್ದನ್ನು ನಾನು ನೋಡಿದ್ದೇನೆ. ಯಜಮಾನರಿಗೂ ಒಳಗೊಳಗೆ ಗೊತ್ತಿರುತ್ತದೆ. ಅಳಿಯನಿಗೆ ಬೇಡ ಅನ್ನುವುದಕ್ಕೆ ಅವರಿಗೊಂದು ಕಾರಣ ಬೇಕಾಗಿರುತ್ತದೆ. "ಬೋರ್ಡು ಒಪ್ಪುವುದಿಲ್ಲ ಮಾರಾಯ" ಅನ್ನುವುದು ಒಳ್ಳೆಯ ಕಾರಣ.

ಮನೆಯ ಮಾತು ಆದ ಮೇಲೆ ಬರಹ. ಕಂಪನಿಗೆ ಇಮೇಲ್ ಮಾಡಿ. ಬೋರ್ಡ್ ಸಭೆಗೆ ಕನಿಷ್ಠ 7 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು ಅಂತ ಕಾಯ್ದೆಯಲ್ಲಿದೆ, ಅದನ್ನು ಕೇಳಿ. ಕಚ್ಚಾ ಬೀಜ ಖರೀದಿಯ ವಿಷಯವನ್ನು ಸಭೆಯ ಪಟ್ಟಿಗೆ ಸೇರಿಸಲು ಹೇಳಿ. ಅದೇ ತಿಂಗಳಲ್ಲಿ ಬೇರೆಯವರಿಂದ ಕೊಂಡ ದರ, ಸಾಲದ ಅವಧಿ, ಪ್ರತಿ ಲೋಡಿನ ಔಟ್‌ಟರ್ನ್, ಈ ಮೂರೂ ಒಂದೇ ಹಾಳೆಯಲ್ಲಿ ಬರಲಿ. ಡೈರೆಕ್ಟರುಗಳು ತಮ್ಮ ಹಿತಾಸಕ್ತಿ ತಿಳಿಸುವ ಎಂಬಿಪಿ-1 ಅನ್ನುವ ಫಾರಂ ಇದೆ, ಪ್ರತಿ ಆರ್ಥಿಕ ವರ್ಷದ ಮೊದಲ ಬೋರ್ಡ್ ಸಭೆಯಲ್ಲಿ ಕೊಡಬೇಕು. ಮೂವರದ್ದೂ ಇದೆಯಾ ನೋಡಿ, ನಿಮ್ಮದು ಮೊದಲು ಸರಿ ಮಾಡಿಕೊಳ್ಳಿ. ಮುಂದಿನ ಸೀಸನ್ನಿಗೆ ಮೂರು ಕಡೆಯ ದರ ತರಿಸಬೇಕು, ಮಾಲಿನ ಪರೀಕ್ಷೆ ಹೊರಗಿನವರಿಂದ ಆಗಬೇಕು ಅಂತ ಠರಾವು ಇಡಿ. ಅಳಿಯನೂ ದರ ಕೊಡಲಿ, ಅವನದೇ ಕಡಿಮೆಯಾದರೆ ಅವನಿಂದಲೇ ಕೊಳ್ಳಲಿ.

ಸಭೆಯಲ್ಲಿ ಇಬ್ಬರು ಒಂದು ಕಡೆ, ನೀವು ಒಂದು ಕಡೆ ಆದರೆ ಠರಾವು ಪಾಸಾಗುತ್ತದೆ. ಆಗಲಿ. ನೀವು ಗೆಲ್ಲಬೇಕಾಗಿಲ್ಲ. 118ನೇ ಸೆಕ್ಷನ್ನಿನಲ್ಲೇ ಇದೆ, ಯಾವ ಡೈರೆಕ್ಟರ್ ಒಪ್ಪಲಿಲ್ಲವೋ ಅವರ ಹೆಸರು ಮಿನಿಟ್ಸಿನಲ್ಲಿ ಬರೆಯಬೇಕು. "ನನ್ನ ವಿರೋಧ ದಾಖಲಾಗಲಿ" ಅಂತ ಬಾಯಿಬಿಟ್ಟು ಹೇಳಿ. ಕರಡು ಮಿನಿಟ್ಸ್ ಸಭೆಯಾದ 15 ದಿನದೊಳಗೆ ನಿಮಗೆ ಬರಬೇಕು, ತಪ್ಪಿದ್ದರೆ ತಿಳಿಸಲು 7 ದಿನ ಇರುತ್ತದೆ, 30 ದಿನದೊಳಗೆ ಪುಸ್ತಕಕ್ಕೆ ಏರಬೇಕು. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಆ 7 ದಿನದಲ್ಲೇ ಇಮೇಲ್ ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ದಿನನಿತ್ಯದ ಆಡಳಿತದಲ್ಲಿಲ್ಲದ ಡೈರೆಕ್ಟರನಿಗೆ ಕಾಯ್ದೆ ಸ್ವಲ್ಪ ರಕ್ಷಣೆ ಕೊಟ್ಟಿದೆ. ತನಗೆ ಗೊತ್ತಿದ್ದು, ಒಪ್ಪಿಗೆಯಿಂದ ಆದದ್ದಕ್ಕೆ, ಇಲ್ಲವೇ ಜಾಗರೂಕತೆ ತಪ್ಪಿದ್ದಕ್ಕೆ ಮಾತ್ರ ಅವನು ಹೊಣೆ. ವಿರೋಧ ಬರೆಸಿದವನಿಗೆ ಆ ರಕ್ಷಣೆ ಸಿಗುತ್ತದೆ. ಮನೆಯಲ್ಲಿ ಕೂತು ಸಹಿ ಹಾಕಿದವನಿಗೆ ಸಿಗುವುದು ಕಷ್ಟ.

ಕಳೆದ ವರ್ಷ ಹಾಕಿದ ಸಹಿಗಳ ಬಗ್ಗೆಯೂ ಪತ್ರ ಕೊಡಬೇಕು. ನಾನು ಹಾಜರಿದ್ದದ್ದು ಇಂಥ ದಿನದ ಸಭೆಗೆ ಮಾತ್ರ, ಉಳಿದ ಸಹಿಗಳನ್ನು ಇಂಥ ದಿನ ಮನೆಯಲ್ಲಿ ಹಾಕಿದ್ದು ಅಂತ. ಇದು ನಿಮ್ಮದೇ ತಪ್ಪೊಪ್ಪಿಗೆಯ ಹಾಗೆ ಆಗುವುದರಿಂದ, ಕಳಿಸುವ ಮೊದಲು ಕಂಪನಿ ಕಾನೂನು ಗೊತ್ತಿರುವ ವಕೀಲರಿಗೆ ತೋರಿಸಿ. ಇದನ್ನು ತಪ್ಪಿಸಿಕೊಳ್ಳಬೇಡಿ.

ರಾಜೀನಾಮೆ ಯಾಕೆ ಈಗ ಬೇಡ ಅಂದೆ? 168ನೇ ಸೆಕ್ಷನ್ ಪ್ರಕಾರ ಹೊರಗೆ ಹೋದ ಮೇಲೂ ಒಳಗಿದ್ದಾಗ ಆದದ್ದಕ್ಕೆ ಹೊಣೆ ಉಳಿಯುತ್ತದೆ. ಆದರೆ ಕಾಗದ ನೋಡುವ, ಪ್ರಶ್ನೆ ಕೇಳುವ ಹಕ್ಕು ಹೋಗುತ್ತದೆ. ಎರಡು ಸಭೆ ನೋಡಿ. ನೋಟಿಸೂ ಇಲ್ಲ, ಕಾಗದವೂ ಇಲ್ಲ, ವಿರೋಧವನ್ನೂ ಬರೆಯುವುದಿಲ್ಲ ಅಂತಾದರೆ ಹೊರಗೆ ಬನ್ನಿ. "ವೈಯಕ್ತಿಕ ಕಾರಣ" ಅಂತ ಬರೆಯಬೇಡಿ, ನಿಜವಾದ ಕಾರಣವನ್ನೇ ಬರೆಯಿರಿ. ಕಂಪನಿ 30 ದಿನದಲ್ಲಿ ಕಂಪನಿ ರಿಜಿಸ್ಟ್ರಾರರಿಗೆ ಡಿಐಆರ್-12 ಅನ್ನುವ ಫಾರಂ ಹಾಕಬೇಕು. ಅವರು ಹಾಕದಿದ್ದರೆ ಅಂತ ನೀವೇ ಡಿಐಆರ್-11 ಹಾಕಿಬಿಡಿ, ಅದಕ್ಕೂ 30 ದಿನ.

ಒಂದು ವಿಷಯ ನೀವು ಬರೆದಿಲ್ಲ. ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದ್ದೀರಾ? "ಬ್ಯಾಂಕಿನವರಿಗೆ ವಿಶ್ವಾಸ" ಅಂದದ್ದು ಓದಿ ನನಗೆ ಆ ಅನುಮಾನ ಬಂತು. ಹಾಕಿದ್ದರೆ ಡೈರೆಕ್ಟರ್ ಹುದ್ದೆ ಬಿಟ್ಟರೂ ಜಾಮೀನು ಬಿಡುವುದಿಲ್ಲ. ಮುಂದಿನ ಸಾಲಗಳಿಗೆ ಜಾಮೀನು ಇಲ್ಲ ಅಂತ ಬ್ಯಾಂಕಿಗೆ ನೋಟಿಸ್ ಕೊಡಲು ಕರಾರು ಕಾಯ್ದೆಯ 130ನೇ ಸೆಕ್ಷನ್ನಿನಲ್ಲಿ ದಾರಿ ಇದೆ. ಆದರೆ ನೀವು ಸಹಿ ಹಾಕಿದ ಜಾಮೀನು ಪತ್ರದ ಷರತ್ತು ಏನು ಅಂತ ಮೊದಲು ನೋಡಬೇಕು. ಆ ಕಾಗದ ನಿಮ್ಮ ಹತ್ತಿರ ಇಲ್ಲದಿದ್ದರೆ ಬ್ಯಾಂಕಿನಿಂದ ನಕಲು ತರಿಸಿ. ನಾಳೆಯೇ ಮಾಡಿ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಅವರಿಗೆ ಗಂಡನ ಮನೆ ಬೇಕು, ತಮ್ಮನೂ ಬೇಕು. ಫೋನಿನಲ್ಲಿ ಅವರು ಹೇಳಿದ್ದು ಆ ಕಷ್ಟದಿಂದ. ಸಿಟ್ಟು ಮಾಡಿಕೊಳ್ಳಬೇಡಿ. ಆದರೆ 15 ಪರ್ಸೆಂಟ್ ಷೇರು ಇರುವವರು ಕಂಪನಿಯ ಮಾಲೀಕರಲ್ಲಿ ಒಬ್ಬರು ಅಂತ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ವಾರ್ಷಿಕ ಸಭೆಗೆ ಮೊದಲು ಲೆಕ್ಕಪತ್ರದ ಪ್ರತಿ ಅವರ ಕೈಗೆ ಬರಬೇಕು. ಷೇರು ಬಂಡವಾಳದ ಹತ್ತನೇ ಒಂದು ಪಾಲು ಇರುವವರು ದುರಾಡಳಿತದ ವಿರುದ್ಧ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು. ನಮಗೆ ಅದು ಬೆಂಗಳೂರಿನಲ್ಲಿದೆ. ಅಲ್ಲಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಅಷ್ಟು ದೂರ ಹೋದ ಮನೆಗಳಲ್ಲಿ ಮತ್ತೆ ಒಟ್ಟಿಗೆ ಊಟ ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ಹಾಗೊಂದು ಹಕ್ಕು ಇದೆ ಅಂತ ಅವರಿಗೆ ತಿಳಿದಿರಲಿ.

ಭಾವನ ಮನೆಗೆ ಹೋದಾಗ ಆ ಗೋಣಿಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಎರಡು ಪ್ರತಿ ಮಾಡಿ. ಒಂದು ಭಾವನಿಗೆ, ಒಂದು ಅಕ್ಕನಿಗೆ. ಅಕ್ಕ ಅಡುಗೆಮನೆಯಲ್ಲಿದ್ದರೆ ಬರುವವರೆಗೆ ಕಾದು, ಆಮೇಲೆ ಮಾತು ಶುರುಮಾಡಿ.